ಆ ಮಗುವನ್ನು ಹತ್ತಿಸದಿದ್ದದ್ದು ತಪ್ಪಾಯಿತೇ?

ಪ್ರಶ್ನೆ: ನನಗೆ 26 ವರ್ಷ, ಐಟಿಐ ಫಿಟ್ಟರ್ ಓದಿದ್ದೇನೆ. ಊರಾಚೆಯ ಥೀಮ್ ಪಾರ್ಕಿನಲ್ಲಿ ಗುತ್ತಿಗೆ ಮೇಲೆ ಮೂರು ವರ್ಷದಿಂದ ರೈಡ್ ಆಪರೇಟರ್. ಮಕ್ಕಳ ಕೇಕೆಯ ನಡುವೆ ಕೆಲಸ ಮಾಡುವುದು ಇಷ್ಟ. ಆದರೆ ಹಬ್ಬಕ್ಕೆ ರಜೆಯಿಲ್ಲ, ಮನೆಗೆ ಬಂದರೆ ಯಾರೊಂದಿಗೂ ಮಾತು ಬೇಡವೆನಿಸುತ್ತದೆ. ಕಳೆದ ಭಾನುವಾರ ಎತ್ತರ ಸಾಲದ ಮಗುವನ್ನು ಬಿಡಲಿಲ್ಲವೆಂದು ಅದರ ತಂದೆ ಎಲ್ಲರೆದುರು ಬೈದರು. ಸೂಪರ್‌ವೈಸರ್ ನನ್ನಿಂದಲೇ ಕ್ಷಮೆ ಕೇಳಿಸಿದರು. ‘ಜಾತ್ರೆ ತೊಟ್ಟಿಲು ತಿರುಗಿಸೋ ಕೆಲಸ ಬಿಡು’ ಎಂದು ಅಪ್ಪ, ಮಾವನ ಗೋಡೌನಿಗೆ ಸೇರಲು ಹೇಳುತ್ತಿದ್ದಾರೆ. ಈ ಮೇ ತಿಂಗಳಲ್ಲೇ ಉತ್ತರ ಕೊಡಬೇಕು.
— ಹೆಸರು ಬೇಡ

ಉತ್ತರ: ಮೊದಲು ಆ ಮಗುವಿನ ವಿಷಯ. ನೀವು ಮಾಡಿದ್ದು ಸರಿ. ತೊಡೆಯ ಮೇಲೆ ಬಂದು ಕೂರುವ ಕಂಬಿ ಇಂತಿಷ್ಟು ಎತ್ತರದ ಮೈಗೆಂದೇ ಲೆಕ್ಕ ಹಾಕಿ ಮಾಡಿದ್ದು. ಪುಟ್ಟ ಮೈ ಅದರಡಿಯಿಂದ ಜಾರಬಹುದು. ತಿರುವಿನ ರಭಸದಲ್ಲಿ ಪಕ್ಕದಲ್ಲಿ ಕೂತ ಅಪ್ಪನ ಕೈ ಹಿಡಿದಿಡಲಾರದು. ಮಗು ಅಳುತ್ತಾ ಮನೆಗೆ ಹೋಯಿತು. ಹೋಯಿತಲ್ಲ, ನನಗೆ ಅಷ್ಟು ಸಾಕು. ನಿಮ್ಮಿಂದ ಕ್ಷಮೆ ಕೇಳಿಸಿದ್ದು ಅನ್ಯಾಯ. ಜನ ಕಡಿಮೆಯಿರುವ ದಿನ ನೋಡಿ ಸೂಪರ್‌ವೈಸರ್‌ಗೆ ಹೇಳಿ: ‘ಸರ್, ಮುಂದಿನ ಸಲ ಹೀಗಾದರೆ ನೀವೇ ಬಂದು ನನ್ನ ಪಕ್ಕ ನಿಲ್ಲಬೇಕು.’

ಮನೆಯಲ್ಲಿ ಮಾತು ಬೇಡವೆನಿಸುವುದು ನಿಮ್ಮ ಸ್ವಭಾವದ ದೋಷವಲ್ಲ. ದಿನವಿಡೀ ನಗುವುದೂ ದುಡಿಮೆಯೇ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಗಗನಸಖಿಯರ ಕೆಲಸವನ್ನು ಹತ್ತಿರದಿಂದ ನೋಡಿ, 1983ರಲ್ಲೇ ಇದನ್ನು ಭಾವನೆಯ ದುಡಿಮೆ ಎಂದು ಕರೆದರು. ಕೈಕಾಲು ಸೋತಂತೆ ಮುಖವೂ ಸೋಲುತ್ತದೆ. ‘ಬಂದ ಮೇಲೆ ಅರ್ಧ ಗಂಟೆ ನನ್ನನ್ನು ಸುಮ್ಮನೆ ಬಿಡಮ್ಮ, ಆಮೇಲೆ ಕಾಫಿ ಕುಡಿಯುತ್ತಾ ಮಾತಾಡೋಣ’ ಎಂದು ಅಮ್ಮನಿಗೆ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರು ಅದನ್ನು ಮುನಿಸೆಂದುಕೊಳ್ಳುತ್ತಾರೆ.

ಅಪ್ಪನ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಜಾತ್ರೆಯ ತೊಟ್ಟಿಲು ತಿರುಗಿಸುವವನ ಕೈಯಲ್ಲೂ ಜೀವಗಳಿರುತ್ತವೆ. ಅದು ಕೀಳು ಕೆಲಸವಲ್ಲ. ಆದರೆ ಮಗನ ಮುಂದಿನ ದಿನಗಳ ಬಗ್ಗೆ ಅವರಿಗಿರುವ ಭಯ ನಿಜ, ಅದಕ್ಕೆ ಉತ್ತರ ಬೇಕು. ನಿಮ್ಮ ಫಿಟ್ಟರ್ ಓದು ಮೂರು ವರ್ಷದಿಂದ ಮೂಲೆಯಲ್ಲಿ ಕೂತಿದೆಯಲ್ಲ? ಗೇಟು ತೆರೆಯುವ ಮುನ್ನ ಖಾಲಿ ರೈಡ್ ಓಡಿಸಿ, ಬೋಲ್ಟು ಬೇರಿಂಗು ನೋಡುವ ಮೇಂಟೆನೆನ್ಸ್ ವಿಭಾಗಕ್ಕೆ ಬದಲಾವಣೆ ಕೇಳಿ. ದಿನವಿಡೀ ನಗಬೇಕಾದ ಕೆಲಸ ಅದಲ್ಲ, ಮತ್ತು ಅಲ್ಲಿ ಕಲಿತದ್ದು ನಾಳೆ ಲಿಫ್ಟ್ ಕಂಪನಿಯಲ್ಲೂ ನಡೆಯುತ್ತದೆ.

ಜೊತೆಗೇ ಪಿಎಫ್ ಖಾತೆಗೆ ತಿಂಗಳು ತಿಂಗಳು ಹಣ ಬೀಳುತ್ತಿದೆಯೇ ನೋಡಿ. ಸಂಬಳ 21,000 ರೂಪಾಯಿ ಒಳಗಿದ್ದರೆ ಇಎಸ್‌ಐ, ಅಂದರೆ ನೌಕರರ ವೈದ್ಯಕೀಯ ವಿಮೆ ಕೂಡ ಇರಬೇಕು. ವಾರಕ್ಕೊಂದು ರಜೆ, 48 ಗಂಟೆ ಮೀರಿದ ದುಡಿಮೆಗೆ ಎರಡು ಪಟ್ಟು ಕೂಲಿ ನಿಮ್ಮ ಹಕ್ಕು. ಹಬ್ಬಗಳಲ್ಲಿ ನಿಮಗೆ ಬೇಕೇ ಬೇಕಾದ ಒಂದನ್ನು ಈಗಲೇ ಬರೆದುಕೊಟ್ಟು, ಬದಲಿಗೆ ಬೇರೆಯವರ ಭಾನುವಾರ ನೀವು ನಿಲ್ಲಿ.

ಬೇಸಿಗೆ ರಜೆಯ ಈ ನೂಕುನುಗ್ಗಲಲ್ಲಿ ಮಾತ್ರ ರಾಜೀನಾಮೆ ಬರೆಯಬೇಡಿ. ಮಳೆ ಹಿಡಿದು ಜನ ಕಡಿಮೆಯಾಗಲಿ, ನಿದ್ದೆ ಸರಿಯಾಗಲಿ. ಮಾವನ ಹತ್ತಿರ ಜೂನ್ ಕೊನೆಯವರೆಗೆ ಸಮಯ ಕೇಳಿ. ಅಷ್ಟರಲ್ಲಿ ಮೇಂಟೆನೆನ್ಸ್‌ನವರು ಏನೆಂದರು ಎಂದು ನನಗೂ ಬರೆಯಿರಿ.