ಸ್ಟೆಂಟ್ ಹಾಕಿಸಿದ ಮೇಲೂ ಅಪ್ಪನಿಗೆ ಮತ್ತೆ ಹೃದಯಾಘಾತವಾಯಿತು, ಚಿಂತೆಯೇ ಕಾರಣವೇ?

ಸ್ಟೆಂಟ್ ಹಾಕಿಸಿ ಎರಡು ವರ್ಷವಾಗುವಷ್ಟರಲ್ಲಿ ತಂದೆಯವರಿಗೆ ಮತ್ತೆ ಹೃದಯಾಘಾತವಾಯಿತು, ಅವರು ಚಿಂತೆ ಮಾಡಿದ್ದೇ ಇದಕ್ಕೆ ಕಾರಣವೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ; ಮುಧೋಳದ ಕಡೆಯ ಕಬ್ಬು ಬೆಳೆಗಾರ, ಎರಡು ಸಲ ಹೃದಯಾಘಾತವಾಗಿ ಉಳಿದವನು. ಚಿಂತೆಯೊಂದರ ಮೇಲೆಯೇ ಹೊಣೆ ಹೊರಿಸುವುದು ಸರಿಯಲ್ಲ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎನ್ನುವುದಂತೂ ಇನ್ನೂ ದೊಡ್ಡ ತಪ್ಪು.

ಸ್ಟೆಂಟ್ ಎಂಬ ಪುಟ್ಟ ಜಾಲರಿ ಕೊಳವೆ, ಹೃದಯದ ರಕ್ತನಾಳದಲ್ಲಿ ಕಟ್ಟಿಕೊಂಡ ಒಂದು ಜಾಗವನ್ನಷ್ಟೇ ತೆರೆಯುತ್ತದೆ. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕೂರುವ ರೋಗ ಹಾಗೆಯೇ ಇರುತ್ತದೆ. ಅದನ್ನು ಹಿಡಿತದಲ್ಲಿಡಲು ಗುಳಿಗೆ, ನಡಿಗೆ, ಊಟದ ಹಿಡಿತ ದಿನಾಲೂ ಬೇಕು, ತಂಬಾಕು ಪೂರ್ತಿ ಬಿಡಬೇಕು. ಜೋಳದ ರೊಟ್ಟಿಯ ತಪ್ಪೇನೂ ಇಲ್ಲ, ಅದರ ಜೊತೆಗಿನ ಉಪ್ಪಿನಕಾಯಿ, ಹಪ್ಪಳಗಳನ್ನು ನೋಡಿಕೊಳ್ಳಬೇಕು. ಒತ್ತಡವೂ ನಾಡಿಬಡಿತ, ರಕ್ತದೊತ್ತಡಗಳನ್ನು ಏರಿಸಿ ನೇರವಾಗಿಯೇ ಹಾನಿ ಮಾಡುತ್ತದೆ. ಆದರೆ ನನ್ನನ್ನು ಕೆಡವಿದ್ದು ಅದರ ಬಳಸುದಾರಿ. ಮೊದಲ ಆಘಾತದ ನಂತರ ಮನೆಗೆ ಬಂದವರೆಲ್ಲ ಭಾರ ಎತ್ತಬೇಡ, ಹೊಲಕ್ಕೆ ಹೋಗಬೇಡ ಎಂದು ಹೇಳಿ ಹೋದರು. ನಾನು ಮೂಲೆ ಹಿಡಿದೆ, ನಿದ್ದೆ ಕೆಟ್ಟಿತು, ಕಾರ್ಖಾನೆಯಿಂದ ಬರಬೇಕಿದ್ದ ಕಬ್ಬಿನ ಬಾಕಿಯನ್ನು ನಡುರಾತ್ರಿ ಎದ್ದು ಲೆಕ್ಕ ಹಾಕುತ್ತಿದ್ದೆ, ಕೊನೆಗೆ ಎಂಟನೆಯ ತಿಂಗಳಲ್ಲಿ ಯಾರಿಗೂ ಹೇಳದೆ ಗುಳಿಗೆ ನಿಲ್ಲಿಸಿದೆ. ಎರಡನೆಯ ಸಲ ನಾನು ಆಸ್ಪತ್ರೆಯಲ್ಲಿದ್ದಾಗ ಹಾಸಿಗೆ ಝಾಡಿಸಿದ ಹೆಂಡತಿಗೆ ಗಾದಿಯ ಕೆಳಗೆ ಒಡೆಯದ ಹನ್ನೊಂದು ಸ್ಟ್ರಿಪ್‌ಗಳು ಸಿಕ್ಕವು. ಜೊತೆಗೆ, ಬಿಟ್ಟಿದ್ದೇನೆಂದು ಆಣೆ ಮಾಡಿದ್ದ ತಂಬಾಕಿನ ಸುಣ್ಣದ ಡಬ್ಬಿ.

ಹೃದಯಾಘಾತವಾದವರಲ್ಲಿ ಖಿನ್ನತೆಯಿದ್ದರೆ ಮುಂದಿನ ಅಪಾಯ ಹೆಚ್ಚು ಎಂಬುದನ್ನು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರಲ್ಲಿ ಸ್ಪಷ್ಟವಾಗಿಯೇ ಹೇಳಿತು. ಹಾಗೆಂದು ಮನಸ್ಸಿಗೆ ಚಿಕಿತ್ಸೆ ಕೊಟ್ಟರೆ ಹೃದಯ ತಾನಾಗಿ ಸರಿಹೋಗುತ್ತದೆ ಎಂದಲ್ಲ. 2003ರಲ್ಲಿ ಪ್ರಕಟವಾದ ಎನ್‌ರಿಚ್ಡ್ ಅಧ್ಯಯನದಲ್ಲಿ ಸುಮಾರು 2,500 ರೋಗಿಗಳಿದ್ದರು. ಸಮಾಲೋಚನೆ ಪಡೆದವರ ಖಿನ್ನತೆ ತಗ್ಗಿತು, ಆದರೆ ಸಾವು ಮತ್ತು ಮರು ಆಘಾತಗಳು ತಗ್ಗಲಿಲ್ಲ. 2011ರಲ್ಲಿ ಪ್ರಕಟವಾದ, ಸ್ವೀಡನ್ನಿನ 362 ರೋಗಿಗಳ ಅಧ್ಯಯನದಲ್ಲಿ ಒಂದು ವರ್ಷ ಗುಂಪಿನಲ್ಲಿ ಕುಳಿತು ಒತ್ತಡ ನಿಭಾಯಿಸಲು ಕಲಿತವರಿಗೆ ಮರು ತೊಂದರೆಗಳು ಕಡಿಮೆಯಾದವು. ನಾನಾದರೆ ಎರಡನೆಯದನ್ನು ನೆಚ್ಚಿಕೊಂಡು, ಮೊದಲನೆಯದನ್ನು ಮರೆಯದೆ ಗುಳಿಗೆ ನುಂಗುತ್ತೇನೆ.

ತಂದೆಯವರ ಗುಳಿಗೆಗಳನ್ನು ಎಣಿಸಿರಿ, ಆದರೆ ಜಪ್ತಿಗೆ ಬಂದವರಂತೆ ಬೇಡ. ಮುಂದಿನ ತಪಾಸಣೆಗೆ ಹೋದಾಗ, ಕಳೆದ ಎರಡು ವಾರಗಳಲ್ಲಿ ಅವರ ಮನಸ್ಸು ಕುಗ್ಗಿದೆಯೇ, ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿದೆಯೇ ಎಂಬುದನ್ನು ಅವರ ಎದುರಿಗೇ ವೈದ್ಯರ ಕಿವಿಗೆ ಹಾಕಿರಿ. ನಡುವೆ ಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಕನ್ನಡದಲ್ಲಿಯೂ ಮಾತನಾಡುತ್ತದೆ.