ಎಷ್ಟು ಧೈರ್ಯ ಹೇಳಿದರೂ ತಂಗಿ ದೂರವಾಗುತ್ತಿದ್ದಾಳೆ

ಪ್ರಶ್ನೆ: ನನ್ನ ತಂಗಿಗೆ ಆರನೇ ತಿಂಗಳಲ್ಲಿ ಮಗು ಹೋಯಿತು. ದಿನಾ ಫೋನ್ ಮಾಡಿ, ‘ಇನ್ನೂ ವಯಸ್ಸಿದೆ, ಮತ್ತೆ ಮಗು ಆಗುತ್ತೆ, ಕೆಲಸಕ್ಕೆ ಹೋಗು, ಮರೀತೀಯ’ ಅಂತ ಧೈರ್ಯ ಹೇಳುತ್ತೇನೆ. ಈಗೀಗ ‘ಆರಾಮ ಇದ್ದೀನಿ ಅಕ್ಕಾ’ ಎಂದು ಇಟ್ಟುಬಿಡುತ್ತಾಳೆ. ಕುಬಸಕ್ಕೆ ತಂದ ಹಸಿರು ಸೀರೆ ತೆಗೆದು ನೋಡುತ್ತಾ ಕೂರುತ್ತಾಳಂತೆ. ಅವಳ ಗಂಡ ಹೇಳಿದರು. ಇನ್ನೇನು ಹೇಳಲಿ?
– ಒಬ್ಬ ಅಕ್ಕ, ಗದಗ

ಉತ್ತರ: ತಂಗಿಯ ಸಂಕಟ ನೋಡಲಾಗದೆ ನೀವು ಇಷ್ಟೆಲ್ಲ ಹೇಳುತ್ತಿದ್ದೀರಿ. ಅದು ಪ್ರೀತಿಯೇ. ಆದರೆ ‘ಮತ್ತೆ ಮಗು ಆಗುತ್ತೆ’ ಎಂದಾಗ ಈ ಮಗುವಿನ ಮಾತು ಮುಗಿಯಿತು ಅಂತ ಅವಳಿಗೆ ಕೇಳಿಸುತ್ತದೆ. ಅದು ಹೊಟ್ಟೆಯಲ್ಲಿ ಮಿಸುಕಾಡಿದ್ದು ಅವಳೊಬ್ಬಳಿಗೇ ಗೊತ್ತು. ಅದರ ಬಗ್ಗೆ ಮಾತಾಡಲು ಯಾರೂ ಸಿಗದೆ ಸೀರೆ ಹಿಡಿದು ಕೂತಿದ್ದಾಳೆ ಅನಿಸುತ್ತದೆ. ‘ಆರಾಮ ಇದ್ದೀನಿ’ ಅನ್ನುವುದು ನಿಮ್ಮ ಸಮಾಧಾನಕ್ಕೆ.

ಲಂಡನ್ನಿನಲ್ಲಿ ಚಾಡ್ ವಾರಾ ಎಂಬ ಪಾದ್ರಿ 1953ರಲ್ಲಿ, ಸಾಯುವ ಯೋಚನೆಯಲ್ಲಿರುವವರಿಗೆ ಸಲಹೆ ಕೊಡಲು ಒಂದು ಸೇವೆ ಶುರುಮಾಡಿದರು. ಬಂದವರನ್ನು ಕೂರಿಸಿ ಚಹಾ ಕೊಡಲು ಸ್ವಯಂಸೇವಕರಿದ್ದರು. ಎಷ್ಟೋ ಜನ ಅವರ ಹತ್ತಿರವೇ ಎಲ್ಲ ಹೇಳಿಕೊಂಡು, ಪಾದ್ರಿಯನ್ನು ಕಾಣದೆಯೇ ಹೊರಡುತ್ತಿದ್ದರು. ಮುಂದಿನ ವರ್ಷ ವಾರಾ ಆ ಕೆಲಸವನ್ನು ಸ್ವಯಂಸೇವಕರಿಗೇ ಬಿಟ್ಟುಕೊಟ್ಟರು. ಅದೇ ಇವತ್ತಿನ ಸಮಾರಿಟನ್ಸ್ ಸಂಸ್ಥೆ. ನಿಮ್ಮ ತಂಗಿಗೂ ಈಗ ಬೇಕಿರುವುದು ಸಲಹೆಯಲ್ಲ, ಕೇಳಿಸಿಕೊಳ್ಳುವವರು.

ಫೋನ್ ಮಾಡಿದ್ದು ಸಾಕು, ಎರಡು ದಿನ ಹೋಗಿ ಇದ್ದು ಬನ್ನಿ. ಜೊತೆಗೆ ಕೂತು ಸೊಪ್ಪು ಬಿಡಿಸಿ. ಮುಖ ನೋಡದೆ ಮಾತಾಡುವುದು ಕೆಲವು ಸಲ ಸುಲಭ. ‘ಆ ಸೀರೆ ನನಗೂ ತೋರಿಸ್ತೀಯಾ?’ ಎಂದು ಕೇಳಿ. ಬೇಡ ಅಂದರೆ ಬಿಡಿ. ತೋರಿಸಿದರೆ ಸುಮ್ನೆ ನೋಡಿ.

‘ಅವತ್ತು ನಾನು ನೀರಿನ ಕೊಡ ಎತ್ತಬಾರದಿತ್ತು ಅಕ್ಕಾ’ ಎಂದಾಳು. ‘ಹುಚ್ಚಿ, ಹಾಗೆಲ್ಲ ಅನ್ಕೋಬೇಡ’ ಎಂಬ ಮಾತು ನಿಮ್ಮ ನಾಲಿಗೆ ತುದಿಗೆ ಬಂದೇ ಬರುತ್ತದೆ. ತಡೆದುಕೊಳ್ಳಿ. ‘ಕೊಡ ಎತ್ತಿದ್ದಕ್ಕೇ ಹೀಗಾಯ್ತು ಅನ್ನಿಸ್ತಿದೆಯಾ?’ ಎಂದಷ್ಟೇ ಕೇಳಿ, ಹೂಂಗುಟ್ಟುತ್ತಾ ಇರಿ. ನೀವು ಬೇಡ ಅಂದಿದ್ದರೆ ಆ ತಪ್ಪಿತಸ್ಥ ಭಾವ ಒಳಗೇ ಉಳಿಯುತ್ತಿತ್ತು. ಪೂರ್ತಿ ಹೇಳಿಕೊಂಡ ಮೇಲೆ, ‘ಡಾಕ್ಟರ್ ಹತ್ರ ಇಬ್ಬರೂ ಹೋಗಿ ಇದನ್ನೇ ಕೇಳೋಣ’ ಅನ್ನಿ. ಹೇಳಿದ್ದನ್ನೇ ನಾಲ್ಕು ಸಲ ಹೇಳಬಹುದು, ನಾಲ್ಕು ಸಲವೂ ಕೇಳಿ. ಅವಳು ಅತ್ತಾಗ ನಿಮಗೂ ಅಳು ಬಂದರೆ ಅತ್ತುಬಿಡಿ, ಅದರಲ್ಲಿ ತಪ್ಪೇನಿಲ್ಲ.

ಒಂದು ಎಚ್ಚರಿಕೆ. ಊಟ, ನಿದ್ದೆ ಬಿಟ್ಟಿದ್ದರೆ, ‘ಬದುಕಿ ಏನು ಮಾಡಲಿ’ ಎಂಬ ಮಾತು ಬಂದರೆ ಕೇಳಿಸಿಕೊಳ್ಳುವುದಷ್ಟೇ ಸಾಲದು. ಒಬ್ಬಳನ್ನೇ ಬಿಡಬೇಡಿ, ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಹೋದಾಗ ಅವಳ ಗಂಡನನ್ನೂ ಮಾತಾಡಿಸಿ. ಮಗು ಅವರದೂ ಅಲ್ವಾ? ಹೆಂಡತಿ ಹೇಗಿದ್ದಾಳೆ ಅಂತ ಎಲ್ಲರೂ ಅವರನ್ನು ಕೇಳಿರುತ್ತಾರೆ. ನೀವು ಹೇಗಿದ್ದೀರಿ ಅಂತ ಕೇಳಿದವರು ಕಡಿಮೆ.