ದಲ್ಲಾಳಿ ಮಾತು

ಪ್ರಶ್ನೆ: ‘ಆ ಡೇಟಿಂಗ್ ಆ್ಯಪ್‌ನಲ್ಲಿ ಬರೀ ನಕಲಿ ಪ್ರೊಫೈಲ್’ ಅಂತ ಇನ್ನೊಂದು ಆ್ಯಪಿನವರು ಹೇಳುತ್ತಾರೆ. ನಂಬಬಹುದಾ ಅಕ್ಕಾ?
– ಓದುಗ, ಬದಿಯಡ್ಕ

ಉತ್ತರ: ನಮ್ಮ ಕುಂಬಳೆಯಲ್ಲಿ ಇಬ್ಬರು ಮದುವೆ ದಲ್ಲಾಳಿಗಳಿದ್ದರು. ಒಬ್ಬರು ನಮ್ಮ ಜಗಲಿಯಲ್ಲಿ ಚಾ ಕುಡಿದು ಮುಗಿಸುವಷ್ಟರಲ್ಲಿ ಇನ್ನೊಬ್ಬರು ತಂದ ಹುಡುಗರಿಗೆಲ್ಲ ಕುಡಿತದ ಚಟ ಅಂಟಿಸಿಬಿಡುತ್ತಿದ್ದರು. ನನ್ನ ಗಂಡ ಆ ‘ಕುಡುಕರ’ ಪೈಕಿಯವರೇ! ಇವತ್ತಿಗೂ ಚಾ ಬಿಟ್ಟು ಬೇರೇನೂ ಮುಟ್ಟಿಲ್ಲ.

ಆ್ಯಪ್‌ಗಳದ್ದೂ ಅದೇ ಕತೆ ಮಾರಾಯ. ಟಿಂಡರ್ ಅನ್ನುವ ಡೇಟಿಂಗ್ ಆ್ಯಪ್ ಕಟ್ಟಿದವರಲ್ಲಿ ಒಬ್ಬಾಕೆ ಹೊರಬಂದು 2014ರಲ್ಲಿ ಬಂಬಲ್ ಅನ್ನುವ ಇನ್ನೊಂದು ಆ್ಯಪ್ ಶುರು ಮಾಡಿದಳು. 2018ರಲ್ಲಿ ಟಿಂಡರ್‌ನ ಒಡೆಯ ಮ್ಯಾಚ್ ಗ್ರೂಪ್ ಬಂಬಲ್ ಮೇಲೆ ಪೇಟೆಂಟ್ ಕೇಸು ಹಾಕಿತು. ಬಂಬಲ್ ಪತ್ರಿಕೆಗಳಲ್ಲಿ ಬಹಿರಂಗ ಪತ್ರ ಹಾಕಿಸಿ ತಿರುಗಿಬಿತ್ತು. 2020ರಲ್ಲಿ ರಾಜಿ! ನಕಲಿಗಳು ಎಲ್ಲ ಕಡೆಯೂ ಇದ್ದಾರೆ. ಮೊದಲು ವಿಡಿಯೋ ಕಾಲ್ ಮಾಡು. ದುಡ್ಡು ಕೇಳಿದರೆ ಬ್ಲಾಕ್. ಕೊಟ್ಟೇಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡು.